ಜರಾಡ್ ಬೀದಿಯ ಇಟ್ಟಿಗೆ ಮನೆ ಮತ್ತು ಅದರ ಮೊದಲ ಯಜಮಾನ ಜಾನ್ ಕರ್ಟಿನ್



ಪರ್ತ್‌ಗೆ ಓದಲು ಬಂದ ನಮ್ಮ ಹುಡುಗ ಹುಡುಗಿಯರಲ್ಲಿ ಬಹಳಷ್ಟು ಜನರ ಡಿಗ್ರಿ ಸರ್ಟಿಫಿಕೇಟಿನ ಮೇಲೆ ಕರ್ಟಿನ್ ಎಂಬ ಹೆಸರಿದೆ. ಬೆಂಟ್ಲಿಯ ಆ ವಿಶ್ವವಿದ್ಯಾಲಯದ ಕ್ಯಾಂಟೀನು, ಬಸ್ ಸ್ಟಾಪು, ಲೈಬ್ರರಿಯ ಎಷ್ಟನೇ ಮಹಡಿಯಲ್ಲಿ ಪ್ಲಗ್ ಪಾಯಿಂಟ್ ಇದೆ ಎನ್ನುವುದೆಲ್ಲ ನಮಗೆ ಬಾಯಿಪಾಠ. ಆದರೆ ಈ ಕರ್ಟಿನ್ ಯಾರು ಎಂದು ಕೇಳಿದರೆ ಯಾರೋ ಹಳೇ ಪ್ರಧಾನಿಯಂತೆ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ನಾವು ಕಂಪ್ಯೂಟರ್‌ನವರು, ಚರಿತ್ರೆಗೂ ನಮಗೂ ಅಷ್ಟಕ್ಕಷ್ಟೇ. ಆದರೂ ಈ ಮನುಷ್ಯನ ಕಥೆ ತಿಳಿದುಕೊಳ್ಳುವಂಥದ್ದು. ಅದನ್ನು ಪಾರ್ಲಿಮೆಂಟಿನಿಂದ ಶುರು ಮಾಡುವುದಕ್ಕಿಂತ ಅವರ ಮನೆಯಿಂದ ಶುರು ಮಾಡುವುದು ಒಳ್ಳೆಯದು. ಏಕೆಂದರೆ ಆ ಮನೆ ಇನ್ನೂ ಇದೆ, ನಮ್ಮ ಊರಲ್ಲೇ ಇದೆ.

ಪರ್ತ್‌ನಿಂದ ಫ್ರೀಮ್ಯಾಂಟಲ್‌ಗೆ ಹೋಗುವ ರೈಲು ಹತ್ತಿ ಕಾಟೆಸ್ಲೋ ಸ್ಟೇಷನ್ನಿನಲ್ಲಿ ಇಳಿದರೆ ಸ್ವಲ್ಪವೇ ನಡಿಗೆ. ಜರಾಡ್ ಸ್ಟ್ರೀಟ್, 24ನೇ ನಂಬರು. ಬೀಚಿಗೆ ಹೋಗುವ ಅವಸರದಲ್ಲಿ ಅದರ ಮುಂದೆಯೇ ಹಾದು ಹೋದರೂ ಗಮನಕ್ಕೆ ಬರದಂಥ ಮನೆ. ಒಂದೇ ಅಂತಸ್ತು, ಇಟ್ಟಿಗೆ ಗೋಡೆ, ಹಂಚಿನ ಮಾಡು, ಎದುರಿಗೆ ನೆರಳಿನ ವರಾಂಡ. ಇಂದು ಕಾಟೆಸ್ಲೋ ಎಂದರೆ ಕೋಟ್ಯಧಿಪತಿಗಳ ಬಡಾವಣೆ, ಅಲ್ಲಿ ಮನೆ ಕೊಳ್ಳುವುದು ನಮ್ಮ ಸಂಬಳಕ್ಕೆ ಎಟುಕುವ ಮಾತಲ್ಲ. ಆದರೆ 1923ರಲ್ಲಿ ಈ ಮನೆಯನ್ನು ಕಟ್ಟಿಸಿದ್ದು ಕಾರ್ಮಿಕರ ವಾರಪತ್ರಿಕೆಯೊಂದರ ಸಂಪಾದಕ, ಅವರ ಹೆಂಡತಿ, ಎರಡು ಪುಟ್ಟ ಮಕ್ಕಳ ಸಂಸಾರ.

ಈ ಮಾದರಿಯ ಮನೆಗಳಿಗೆ ಇಲ್ಲಿ ಕ್ಯಾಲಿಫೋರ್ನಿಯಾ ಬಂಗಲೋ ಎನ್ನುತ್ತಾರೆ. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಆಸ್ಟ್ರೇಲಿಯಾದ ಪಟ್ಟಣಗಳ ಅಂಚಿನಲ್ಲಿ ಇಂಥವು ಸಾಲು ಸಾಲಾಗಿ ಎದ್ದವು. ತಗ್ಗಾದ ಮಾಡು, ಬೀದಿಯ ಕಡೆಗೆ ಮುಖ ಮಾಡಿದ ತ್ರಿಕೋನದ ಮುಂಗಟ್ಟು, ಅಗಲವಾಗಿ ಮುಂದೆ ಚಾಚಿದ ಸೂರು, ಆಳವಾದ ವರಾಂಡ, ಅದಕ್ಕೆ ಗಿಡ್ಡ ದಪ್ಪ ಕಂಬಗಳು. ಇದು ಅಮೆರಿಕದ ಪಶ್ಚಿಮ ಕರಾವಳಿಯಿಂದ ಬಂದ ಫ್ಯಾಷನ್ನು. ನಮಗೆ ತಮಾಷೆ ಎನಿಸುವುದು ಬಂಗಲೋ ಎಂಬ ಮಾತು. ಅದು ಬಂಗಾಳದ ಗುಡಿಸಲಿನಿಂದ ಹೊರಟು, ಈಸ್ಟ್ ಇಂಡಿಯಾ ಕಂಪನಿಯವರ ಬಾಯಿಗೆ ಬಿದ್ದು, ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ಕ್ಯಾಲಿಫೋರ್ನಿಯಾ ತಲುಪಿ, ಶಾಂತ ಸಾಗರ ದಾಟಿ ಆಸ್ಟ್ರೇಲಿಯಾಕ್ಕೆ ಬಂದು, ಕೊನೆಗೆ ಹಿಂದೂ ಮಹಾಸಾಗರದ ದಡದಲ್ಲಿ ಬಂದು ಕೂತಿದೆ. ಅಂದರೆ ಪೂರ್ತಿ ಒಂದು ಸುತ್ತು! ನಮ್ಮ ಕಡೆ ಬಂಗಲೆ ಎಂದರೆ ಸಕಲೇಶಪುರದ ಎಸ್ಟೇಟ್ ಬಂಗಲೆ ನೆನಪಾಗುತ್ತದೆ, ದೊಡ್ಡವರ ಮನೆ. ಇಲ್ಲಿ ಅದೇ ಮಾತು ಗುಮಾಸ್ತರ, ಮೇಷ್ಟ್ರುಗಳ, ರೈಲ್ವೆ ನೌಕರರ ಸ್ವಂತ ಮನೆಗೆ ಬಂತು. ಕರ್ಟಿನ್ ದಂಪತಿಗಳದ್ದೂ ಅಂಥದ್ದೇ.

ಸ್ವಂತ ಮನೆ ಎನ್ನುವುದು ಕರ್ಟಿನ್ ಅವರಿಗೆ ಎಷ್ಟು ದೊಡ್ಡ ಮಾತು ಎಂದು ತಿಳಿಯಬೇಕಾದರೆ ಅವರ ಬಾಲ್ಯ ನೋಡಬೇಕು. ಹುಟ್ಟಿದ್ದು 1885ರ ಜನವರಿ 8ರಂದು, ವಿಕ್ಟೋರಿಯಾ ಪ್ರಾಂತ್ಯದ ಕ್ರೆಸ್ವಿಕ್ ಎಂಬ ಚಿನ್ನದ ಗಣಿಯ ಊರಿನಲ್ಲಿ. ತಂದೆ ತಾಯಿ ಐರ್ಲೆಂಡಿನಿಂದ ಬಂದವರು. ತಂದೆ ಪೊಲೀಸ್ ಕೆಲಸದಲ್ಲಿದ್ದರು. ಕಾಯಿಲೆ ಬಿದ್ದು ಕೆಲಸ ಬಿಡಬೇಕಾಯಿತು. ಆಮೇಲೆ ಒಂದೊಂದು ಊರಿನಲ್ಲಿ ಒಂದೊಂದು ಪಬ್ ಗುತ್ತಿಗೆ ಹಿಡಿದು ನಡೆಸಿದರು, ಯಾವುದೂ ಕೈಹಿಡಿಯಲಿಲ್ಲ. ಸಂಸಾರ ಊರಿಂದೂರಿಗೆ, ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆಯಿತು. ಕೊನೆಗೆ ಮೆಲ್ಬೋರ್ನಿನ ಬ್ರನ್ಸ್ವಿಕ್‌ನಲ್ಲಿ ಬಡತನದಲ್ಲಿ ನಿಂತಿತು. ಹದಿನಾಲ್ಕು ತುಂಬುವ ಹೊತ್ತಿಗೆ ದೊಡ್ಡ ಮಗ ಜಾನ್ ಶಾಲೆ ಬಿಟ್ಟು ದುಡಿಯಲು ನಿಂತಾಗಿತ್ತು. ಪತ್ರಿಕಾ ಕಚೇರಿಯಲ್ಲಿ ಹುಡುಗನ ಕೆಲಸ, ಕುಂಬಾರಿಕೆ ಕಾರ್ಖಾನೆ, ಆಮೇಲೆ 1903ರಲ್ಲಿ ಒಂದು ಲೋಹದ ಸಾಮಾನಿನ ಕಂಪನಿಯಲ್ಲಿ ಲೆಕ್ಕ ಹಾಕುವ ಗುಮಾಸ್ತ. ಓದಿದ್ದೆಲ್ಲ ಆಮೇಲೆ ಪಬ್ಲಿಕ್ ಲೈಬ್ರರಿಯಲ್ಲಿ, ಸ್ವಂತವಾಗಿ. ಸಂಜೆಗೆ ಫುಟ್‌ಬಾಲ್, ಕ್ರಿಕೆಟ್, ಭಾನುವಾರ ಸಮಾಜವಾದಿಗಳ ಸಭೆ. ಟಾಮ್ ಮ್ಯಾನ್, ಫ್ರಾಂಕ್ ಆನ್‌ಸ್ಟಿ ಎಂಬ ಇಬ್ಬರು ಕಾರ್ಮಿಕ ನಾಯಕರು ಈ ಹುಡುಗನನ್ನು ತಿದ್ದಿದರು, ಭಾಷಣ ಕಲಿಸಿದರು. 1911ರಲ್ಲಿ ಮರದ ಕೆಲಸಗಾರರ ಯೂನಿಯನ್ನಿನ ಕಾರ್ಯದರ್ಶಿಯಾದರು.

ಆ ಕೆಲಸದ ಮೇಲೆ 1912ರಲ್ಲಿ ಟಾಸ್ಮೇನಿಯಾದ ಹೋಬಾರ್ಟ್‌ಗೆ ಹೋದಾಗ ಎಲ್ಸಿ ನೀಡಮ್ ಅವರ ಪರಿಚಯವಾಯಿತು. ಎಲ್ಸಿಯವರ ತಂದೆ ಬೋರ್ಡು ಬರೆಯುವ ಪೇಂಟರು, ಕಟ್ಟಾ ಲೇಬರ್ ಪಾರ್ಟಿಯವರು. ಎಲ್ಸಿ ಬಾಲ್ಯದ ಕೆಲವು ವರ್ಷ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಬೆಳೆದವರು. ಮದುವೆಯಾಗಲು ಐದು ವರ್ಷ ಹಿಡಿಯಿತು. ಕಾರಣ ಎರಡು. ಒಂದು, ಹಣವಿಲ್ಲ. ಇನ್ನೊಂದು, ಹುಡುಗ ವಿಪರೀತ ಕುಡಿಯುತ್ತಿದ್ದ.

ಇದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ, ಇಲ್ಲಿನವರೂ ಮುಚ್ಚಿಡುವುದಿಲ್ಲ. ಯೂನಿಯನ್ ಕೆಲಸ ಎಂದರೆ ದಿನವಿಡೀ ಪಬ್ಬುಗಳಲ್ಲಿ ಮಾತುಕತೆ. ಅದರ ಮೇಲೆ ಕರ್ಟಿನ್ ಸ್ವಭಾವತಃ ಆತಂಕದ ಮನುಷ್ಯ. ಮನಸ್ಸು ಕುಸಿದಾಗ ತಿಂಗಳುಗಟ್ಟಲೆ ಮೇಲೇಳುತ್ತಿರಲಿಲ್ಲ. 1916ರಲ್ಲಿ ಕುಡಿತ ಬಿಡಿಸುವ ಚಿಕಿತ್ಸೆಗಾಗಿ ಆಸ್ಪತ್ರೆ ಸೇರಬೇಕಾಯಿತು. ಹೊರಬಂದ ಸ್ವಲ್ಪ ಕಾಲದಲ್ಲೇ ದೇಶದ ಅತಿ ದೊಡ್ಡ ಜಗಳದ ಮಧ್ಯೆ ನಿಂತಿದ್ದರು. ಮೊದಲ ಮಹಾಯುದ್ಧಕ್ಕೆ ಕಡ್ಡಾಯವಾಗಿ ಸೈನಿಕರನ್ನು ಸೇರಿಸಿ ಹೊರದೇಶಕ್ಕೆ ಕಳಿಸಬೇಕೇ ಎಂದು ಸರ್ಕಾರ ಜನಮತ ಕೇಳಿತ್ತು. ಬೇಡ ಎನ್ನುವ ಕಾರ್ಮಿಕ ಸಂಘಗಳ ಚಳವಳಿಗೆ ಕರ್ಟಿನ್ ಕಾರ್ಯದರ್ಶಿ. 1916ರ ಅಕ್ಟೋಬರ್ 28ರಂದು ಜನ ಬೇಡ ಎಂದೇ ಮತ ಹಾಕಿದರು. ಆದರೆ ಸೇನೆಯ ಕರೆಗೆ ಓಗೊಡಲಿಲ್ಲ ಎಂಬ ಆರೋಪದ ಮೇಲೆ ಕರ್ಟಿನ್‌ಗೆ ಮೂರು ತಿಂಗಳ ಸಜೆಯಾಯಿತು. ಮೂರು ದಿನ ಜೈಲಿನಲ್ಲಿದ್ದ ಮೇಲೆ ಬಿಡುಗಡೆಯಾಯಿತು. ಈ ಮೂರು ದಿನ ನೆನಪಿಟ್ಟುಕೊಳ್ಳಿ, ಇಪ್ಪತ್ತಾರು ವರ್ಷಗಳ ನಂತರ ಬೇರೆ ರೂಪದಲ್ಲಿ ಎದುರಾಗುತ್ತದೆ.

1917ರ ಆರಂಭದಲ್ಲಿ ಪರ್ತ್‌ನಿಂದ ಒಂದು ಕೆಲಸ ಬಂತು, ವೆಸ್ಟ್ರೇಲಿಯನ್ ವರ್ಕರ್ ಎಂಬ ಕಾರ್ಮಿಕ ಪತ್ರಿಕೆಯ ಸಂಪಾದಕ ಹುದ್ದೆ. ಹಳೆಯ ಗೆಳೆಯರಿಂದ, ಹಳೆಯ ಪಬ್ಬುಗಳಿಂದ ಸಾವಿರಾರು ಮೈಲಿ ದೂರ. ಅದೇ ವರ್ಷ ಏಪ್ರಿಲ್ 21ರಂದು ಮದುವೆ. ಡಿಸೆಂಬರಿನಲ್ಲಿ ಮಗಳು, 1921ರಲ್ಲಿ ಮಗ. ಊರು ಬಿಟ್ಟು ದೂರ ಬಂದು ಹೊಸದಾಗಿ ಬದುಕು ಕಟ್ಟುವುದು ಎಂದರೆ ಏನು ಎಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ! ಆದರೆ ಜಾಗ ಬದಲಾಯಿಸಿದರೆ ಮನಸ್ಸು ಬದಲಾಗುವುದಿಲ್ಲ. 1919ರ ಚುನಾವಣೆಯಲ್ಲಿ ಸೋತ ಮೇಲೆ ಮತ್ತೆ ನರಗಳ ದೌರ್ಬಲ್ಯದಿಂದ ಬಹಳ ಕಾಲ ಒದ್ದಾಡಿದರು. ಕಾಟೆಸ್ಲೋದ ಸಮುದ್ರ ದಂಡೆಯ ಉದ್ದನೆಯ ನಡಿಗೆ ಆಗ ಅವರಿಗೆ ಔಷಧಿಯಂತಿತ್ತು.

ಅಂಥವರು 1923ರಲ್ಲಿ ಆ ಸಮುದ್ರದ ಹತ್ತಿರವೇ ಜರಾಡ್ ಬೀದಿಯಲ್ಲಿ ಮನೆ ಕಟ್ಟಿಸಿದರು. ಬದುಕಿನಲ್ಲಿ ಮೊದಲ ಬಾರಿಗೆ ಖಾಲಿ ಮಾಡಬೇಕಾಗಿಲ್ಲದ ಮನೆ. ಬೇಸಿಗೆಯ ಮಧ್ಯಾಹ್ನ ಸಮುದ್ರದಿಂದ ಏಳುವ ತಂಗಾಳಿಗೆ ಇಲ್ಲಿ ಫ್ರೀಮ್ಯಾಂಟಲ್ ಡಾಕ್ಟರ್ ಎಂದು ಹೆಸರು. ನಲವತ್ತು ಡಿಗ್ರಿ ಬಿಸಿಲಲ್ಲಿ ಏರ್ ಕಂಡೀಷನರ್ ಕೆಟ್ಟವರಿಗೆ ಆ ಡಾಕ್ಟರನ ಬೆಲೆ ಗೊತ್ತು. ಏರ್ ಕಂಡೀಷನರ್ರೇ ಇಲ್ಲದ ಕಾಲದಲ್ಲಿ ಆಳದ ವರಾಂಡ, ಅಗಲದ ಸೂರು ಸುಮ್ಮನೆ ಅಲಂಕಾರಕ್ಕೆ ಇರಲಿಲ್ಲ. ಕರ್ಟಿನ್ ಮನೆಯಲ್ಲಿದ್ದರೆ ಕೈಯಲ್ಲಿ ಪುಸ್ತಕ, ಇಲ್ಲದಿದ್ದರೆ ಬೀಚಿನಲ್ಲಿ ನಡಿಗೆ. ಪತ್ರಿಕೆ ಕೆಲಸ ಚೆನ್ನಾಗಿ ನಡೆಯುತ್ತಿತ್ತು. ಪತ್ರಕರ್ತರ ಸಂಘದ ರಾಜ್ಯ ಶಾಖೆಗೆ ಅಧ್ಯಕ್ಷರೂ ಆದರು. ಆ ಸಂಘದ ಬ್ಯಾಡ್ಜನ್ನು ತಮ್ಮ ಗಡಿಯಾರದ ಸರಪಳಿಗೆ ಸಿಕ್ಕಿಸಿಕೊಂಡಿದ್ದರು, ಪ್ರಧಾನಿಯಾದ ಮೇಲೂ ತೆಗೆಯಲಿಲ್ಲ. 1924ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನಕ್ಕೆ ಆಸ್ಟ್ರೇಲಿಯಾದ ಪ್ರತಿನಿಧಿಯಾಗಿ ಹೋಗಿ ಬಂದರು.

1928ರಲ್ಲಿ ಫ್ರೀಮ್ಯಾಂಟಲ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆರಿಸಿ ಬಂದರು. ಆಗಿನಿಂದ ಈ ಮನೆಯ ಕಥೆ ಎಂದರೆ ದೂರದ ಕಥೆ. ಪಾರ್ಲಿಮೆಂಟು ಹಿಂದಿನ ವರ್ಷವಷ್ಟೇ ಮೆಲ್ಬೋರ್ನಿನಿಂದ ಕ್ಯಾನ್‌ಬೆರಾಕ್ಕೆ ಹೋಗಿತ್ತು. ಕಾಟೆಸ್ಲೋದಿಂದ ಅಲ್ಲಿಗೆ ಹೋಗಬೇಕೆಂದರೆ ರೈಲಿನಲ್ಲಿ ಹೆಚ್ಚುಕಡಿಮೆ ಐದು ದಿನ. ಬೆಂಗಳೂರಿನಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕೂತು ಸುಸ್ತಾದವರು ಇದನ್ನು ಊಹಿಸಿಕೊಳ್ಳಿ. ಅದೂ ಒಂದೇ ರೈಲಲ್ಲ. ಪ್ರತಿ ರಾಜ್ಯವೂ ತನಗಿಷ್ಟ ಬಂದ ಅಳತೆಯಲ್ಲಿ ಹಳಿ ಹಾಕಿತ್ತು. ಪರ್ತ್‌ನಿಂದ ಕಾಲ್ಗೂರ್ಲಿಯವರೆಗೆ ಕಿರಿದಾದ ಹಳಿ. ಅಲ್ಲಿ ಇಳಿದು ಗಂಟುಮೂಟೆ ಹೊತ್ತು ಇನ್ನೊಂದು ರೈಲು. ಅದು ಮರವೇ ಇಲ್ಲದ ನಲ್ಲರ್‌ಬೋರ್ ಬಯಲನ್ನು ದಾಟುತ್ತದೆ. ಅಲ್ಲಿ 478 ಕಿಲೋಮೀಟರು ಒಂದು ತಿರುವೂ ಇಲ್ಲದ ನೇರ ಹಳಿ. ಆಚೆ ಸೌತ್ ಆಸ್ಟ್ರೇಲಿಯಾದಲ್ಲಿ ಅಗಲ ಹಳಿಗೆ ಬದಲು, ವಿಕ್ಟೋರಿಯಾದ ಗಡಿಯಲ್ಲಿ ಮತ್ತೆ ಬದಲು. ಒಂದೊಂದು ರಾಜ್ಯಕ್ಕೆ ಒಂದೊಂದು ಸ್ಟ್ಯಾಂಡರ್ಡು! ಸಾಫ್ಟ್‌ವೇರ್‌ನವರಾದ ನಮಗೆ ಈ ಸಂಕಟ ಚೆನ್ನಾಗಿ ಅರ್ಥವಾಗುತ್ತದೆ. ವಿಮಾನ ಬಂದ ಮೇಲೂ ಕರ್ಟಿನ್‌ಗೆ ಅದು ಒಗ್ಗಲಿಲ್ಲ, ಹೆದರಿಕೆಯಿತ್ತು. ಹಾಗಾಗಿ ಅಧಿವೇಶನವಿದ್ದಷ್ಟು ಕಾಲ ಅವರು ಅಲ್ಲಿ, ಎಲ್ಸಿ ಮತ್ತು ಮಕ್ಕಳು ಇಲ್ಲಿ, ನಡುವೆ ಕಾಗದಗಳು.

ಕ್ಯಾನ್‌ಬೆರಾದ ಮೊದಲ ಮೂರು ವರ್ಷ ಒಳ್ಳೆಯದೇನೂ ಆಗಲಿಲ್ಲ. 1929ರಲ್ಲಿ ಅವರ ಪಕ್ಷವೇ ಸರ್ಕಾರ ರಚಿಸಿತು, ಆದರೆ ಕರ್ಟಿನ್‌ಗೆ ಮಂತ್ರಿಗಿರಿ ಸಿಗಲಿಲ್ಲ. ಕುಡಿತ ಮತ್ತೆ ಅಂಟಿಕೊಂಡಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ಮಹಾ ಆರ್ಥಿಕ ಕುಸಿತದ ಕಾಲ. ಸಂಬಳ ಪಿಂಚಣಿ ಕಡಿತ ಮಾಡುವ ತಮ್ಮದೇ ಸರ್ಕಾರದ ಯೋಜನೆಯನ್ನು ಅವರು ವಿರೋಧಿಸಿದರು. 1931ರ ಚುನಾವಣೆಯಲ್ಲಿ ಪಕ್ಷ ಕೊಚ್ಚಿಹೋಯಿತು, ಕರ್ಟಿನ್ ಕೂಡ.

ವಯಸ್ಸು ನಲವತ್ತಾರು, ಕೈಯಲ್ಲಿ ಕೆಲಸವಿಲ್ಲ. ಮತ್ತೆ ಜರಾಡ್ ಬೀದಿಯ ಮನೆ. ನನಗೆ ಅವರ ಜೀವನದಲ್ಲಿ ಅತ್ಯಂತ ಕುತೂಹಲದ ಕಾಲ ಇದೇ ಎನಿಸುತ್ತದೆ, ಪುಸ್ತಕಗಳು ಇದನ್ನು ಬೇಗ ದಾಟಿಬಿಡುತ್ತವೆ. ಕ್ರೀಡಾ ವರದಿ ಬರೆದು ಸಂಸಾರ ನಡೆಸಿದರು. ದೇಶದ ಪಾರ್ಲಿಮೆಂಟಿನಲ್ಲಿ ಕೂತಿದ್ದವರು ಪತ್ರಿಕೆಗೆ ಬಿಡಿ ಲೇಖನ ಕೊಟ್ಟು ಸಂಭಾವನೆ ಪಡೆಯುತ್ತಿದ್ದರು. 1933ರ ಏಪ್ರಿಲ್‌ನಲ್ಲಿ ವೆಸ್ಟರ್ನ್ ಆಸ್ಟ್ರೇಲಿಯಾದ ಜನ ಮೂರರಲ್ಲಿ ಎರಡು ಪಾಲು ಬಹುಮತದಿಂದ ಆಸ್ಟ್ರೇಲಿಯಾದಿಂದಲೇ ಬೇರೆಯಾಗಬೇಕು ಎಂದು ಮತ ಹಾಕಿದರು (ಬ್ರಿಟಿಷ್ ಪಾರ್ಲಿಮೆಂಟು ಅದನ್ನು ಕೈಗೆತ್ತಿಕೊಳ್ಳಲಿಲ್ಲ, ಅದು ಬೇರೆ ಕಥೆ). ಆ ಅಸಮಾಧಾನಕ್ಕೆ ಉತ್ತರವಾಗಿ ಹಿಂದುಳಿದ ರಾಜ್ಯಗಳಿಗೆ ಅನುದಾನ ಹಂಚಲು ಕೇಂದ್ರ ಒಂದು ಆಯೋಗ ಮಾಡಿತು. ರಾಜ್ಯದ ಪರವಾಗಿ ಅಂಕಿ ಅಂಶ ಕೂಡಿಸಿ ವಾದ ಸಿದ್ಧಪಡಿಸುವ ಕೆಲಸ ಕರ್ಟಿನ್ ಪಾಲಿಗೆ ಬಂತು. ದೇಶದ ಹಣಕಾಸು ಹೇಗೆ ಓಡಾಡುತ್ತದೆ ಎನ್ನುವುದನ್ನು ಹದಿನಾಲ್ಕಕ್ಕೆ ಶಾಲೆ ಬಿಟ್ಟವರು ಆಗ ಕೂತು ಕಲಿತರು. ಕುಡಿತವನ್ನೂ ಬಿಟ್ಟರು.

1934ರಲ್ಲಿ ಫ್ರೀಮ್ಯಾಂಟಲ್ ಮತ್ತೆ ಗೆದ್ದರು. ಮುಂದಿನ ವರ್ಷ ಪಕ್ಷದ ನಾಯಕ ಸ್ಥಾನ ತೆರವಾಯಿತು. ಫ್ರಾಂಕ್ ಫೋರ್ಡ್ ಗೆಲ್ಲುವುದು ಖಚಿತ ಎಂದು ಎಲ್ಲರೂ ತಿಳಿದಿದ್ದರು. ಕರ್ಟಿನ್ ಹೆಸರು ಸೂಚಿಸಿದವರು ಮೊದಲು ಕೇಳಿದ್ದು ಒಂದೇ ಮಾತು, ಇನ್ನು ಮುಂದೆ ಮದ್ಯ ಮುಟ್ಟಬಾರದು. ಅವರು ಒಪ್ಪಿದರು. 1935ರ ಅಕ್ಟೋಬರ್ 1ರಂದು 11ಕ್ಕೆ 10, ಒಂದೇ ಒಂದು ಮತದಿಂದ ನಾಯಕರಾದರು. ಕೊಟ್ಟ ಮಾತನ್ನು ಕೊನೆಯವರೆಗೂ ಉಳಿಸಿಕೊಂಡರು. ಚಹಾ, ಸಿಗರೇಟು ಮಾತ್ರ ಲೆಕ್ಕವಿಲ್ಲದಷ್ಟು.

1940ರ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಸ್ವತಃ ಕರ್ಟಿನ್ ತಮ್ಮ ಕ್ಷೇತ್ರದಲ್ಲಿ ಆರುನೂರು ಚಿಲ್ಲರೆ ಮತಗಳಿಂದ ಕಷ್ಟಪಟ್ಟು ಗೆದ್ದರು. ಮರುವರ್ಷ ಮೆಂಜೀಸ್ ರಾಜೀನಾಮೆ ಕೊಟ್ಟರು, ಅವರ ನಂತರ ಬಂದ ಫ್ಯಾಡನ್ ಸರ್ಕಾರವನ್ನು ಇಬ್ಬರು ಪಕ್ಷೇತರರು ಕೈಬಿಟ್ಟರು. 1941ರ ಅಕ್ಟೋಬರ್ 7ರಂದು ಕರ್ಟಿನ್ ಪ್ರಧಾನಿಯಾದರು. ವೆಸ್ಟರ್ನ್ ಆಸ್ಟ್ರೇಲಿಯಾದ ಕ್ಷೇತ್ರವೊಂದನ್ನು ಪ್ರತಿನಿಧಿಸಿದ ಪ್ರಧಾನಿ ಇವರೊಬ್ಬರೇ.

ಒಂದೂವರೆ ತಿಂಗಳಿಗೆ ನೌಕಾಪಡೆಯ ಸಿಡ್ನಿ ಎಂಬ ಹಡಗು ನಮ್ಮ ಈ ಕರಾವಳಿಯಾಚೆ 645 ಜನರೊಂದಿಗೆ ಮುಳುಗಿತು, ಒಬ್ಬರೂ ಉಳಿಯಲಿಲ್ಲ. ಆ ಹಡಗು ಸಮುದ್ರದ ತಳದಲ್ಲಿ ಸಿಕ್ಕಿದ್ದು 2008ರಲ್ಲಿ. ಎರಡು ತಿಂಗಳಿಗೆ ಜಪಾನ್ ಯುದ್ಧಕ್ಕಿಳಿಯಿತು. ಆಸ್ಟ್ರೇಲಿಯಾದ ಅನುಭವಿ ಸೈನಿಕರೆಲ್ಲ ಬ್ರಿಟನ್ನಿಗಾಗಿ ಮಧ್ಯಪ್ರಾಚ್ಯದಲ್ಲಿ ಹೋರಾಡುತ್ತಿದ್ದರು. ಡಿಸೆಂಬರ್ 27ರ ಪತ್ರಿಕೆಯಲ್ಲಿ ಕರ್ಟಿನ್ ಹೆಸರಿನ ಲೇಖನ ಬಂತು. ಬ್ರಿಟನ್ನಿನ ಜೊತೆಗಿನ ಹಳೆಯ ನಂಟಿನ ಮುಲಾಜಿಲ್ಲದೆ ಆಸ್ಟ್ರೇಲಿಯಾ ಈಗ ಅಮೆರಿಕದ ಕಡೆ ನೋಡುತ್ತದೆ ಎಂಬುದು ಅದರ ಸಾರ. ಚರ್ಚಿಲ್‌ಗೆ ಸಿಟ್ಟು ಬಂತು. ಅಮೆರಿಕದ ರೂಸ್‌ವೆಲ್ಟ್‌ಗೂ ಇದು ಹಿಡಿಸಲಿಲ್ಲ.

ಜನವರಿಯ ಕೊನೆಯಲ್ಲಿ ದಣಿದಿದ್ದ ಕರ್ಟಿನ್ ಮನೆಗೆಂದು ಪರ್ತ್ ರೈಲು ಹತ್ತಿದರು. ಅವರು ರೈಲಿನಲ್ಲಿದ್ದಾಗಲೇ ಕ್ಯಾನ್‌ಬೆರಾದಿಂದ ಅವರ ಹೆಸರಿನಲ್ಲಿ ಚರ್ಚಿಲ್‌ಗೆ ಬಹಳ ಖಾರವಾದ ತಂತಿ ಹೋಯಿತು, ಸಿಂಗಪುರವನ್ನು ಬಿಟ್ಟುಕೊಟ್ಟರೆ ಅದನ್ನು ದ್ರೋಹವೆಂದೇ ತಿಳಿಯುತ್ತೇವೆ ಎಂಬರ್ಥದಲ್ಲಿ. ಫೆಬ್ರವರಿ 15ರಂದು ಸಿಂಗಪುರ ಬಿತ್ತು. ಸುಮಾರು ಹದಿನೈದು ಸಾವಿರ ಆಸ್ಟ್ರೇಲಿಯನ್ನರು ಸೆರೆಯಾದರು, ಅವರಿಗಿಂತ ಎಷ್ಟೋ ಹೆಚ್ಚು ಸಂಖ್ಯೆಯಲ್ಲಿ ನಮ್ಮ ಭಾರತೀಯ ಸೈನಿಕರೂ ಸೆರೆಯಾದರು. ನಾಲ್ಕು ದಿನದ ನಂತರ, 19ರಂದು, ಡಾರ್ವಿನ್ ಮೇಲೆ ಬಾಂಬು ಬಿತ್ತು, ಕನಿಷ್ಠ 235 ಜನ ಸತ್ತರು. ಕರ್ಟಿನ್ ಆ ಹೊತ್ತಿಗೆ ಹೊಟ್ಟೆನೋವಿನಿಂದ ಸಿಡ್ನಿಯ ಆಸ್ಪತ್ರೆಯಲ್ಲಿದ್ದರು.

ಆಗ ಬಂದದ್ದು ಅವರ ಬದುಕಿನ ಅತಿ ಕಠಿಣ ನಿರ್ಧಾರ. ಮಧ್ಯಪ್ರಾಚ್ಯದಿಂದ ವಾಪಸಾಗುತ್ತಿದ್ದ ಆಸ್ಟ್ರೇಲಿಯಾದ ಏಳನೇ ಡಿವಿಷನ್ ಹಿಂದೂ ಮಹಾಸಾಗರದಲ್ಲಿ ಹಡಗುಗಳ ಮೇಲಿತ್ತು. ರಂಗೂನ್ ಬೀಳುವಂತಿತ್ತು, ಅದು ಬಿದ್ದರೆ ಮುಂದಿನದು ಭಾರತದ ಗಡಿ. ಆ ಸೈನ್ಯವನ್ನು ಬರ್ಮಾಕ್ಕೆ ಕೊಡಿ ಎಂದು ಚರ್ಚಿಲ್ ಕೇಳಿದರು, ರೂಸ್‌ವೆಲ್ಟ್ ಕೂಡ ದನಿಗೂಡಿಸಿದರು. ಕರ್ಟಿನ್ ಆಗುವುದಿಲ್ಲ ಎಂದರು. ಉತ್ತರ ಬರುವ ಮೊದಲೇ ಚರ್ಚಿಲ್ ಹಡಗುಗಳನ್ನು ರಂಗೂನ್ ಕಡೆಗೆ ತಿರುಗಿಸಿಬಿಟ್ಟಿದ್ದರು! ಕರ್ಟಿನ್ ಮತ್ತೆ ಆಗುವುದಿಲ್ಲ ಎಂದರು. ಹಡಗುಗಳು ತಿರುಗಿದವು. ಮಾರ್ಚ್ 8ರಂದು ರಂಗೂನ್ ಬಿದ್ದೇಬಿಟ್ಟಿತು. ಸೈನಿಕರು ಅಲ್ಲಿ ಇಳಿದಿದ್ದರೆ ನೇರ ಸೋಲಿನ ಬಾಯಿಗೇ ಇಳಿದಂತಾಗುತ್ತಿತ್ತು.

ಆದರೆ ಅದು ತಿಳಿದದ್ದು ಆಮೇಲೆ. ಆ ದಿನಗಳಲ್ಲಿ ಗೊತ್ತಿದ್ದದ್ದು ಇಷ್ಟೇ, ಸಾವಿರಾರು ಸೈನಿಕರು ಸರಿಯಾದ ಬೆಂಗಾವಲಿಲ್ಲದೆ ಜಪಾನಿ ಜಲಾಂತರ್ಗಾಮಿಗಳಿರುವ ಸಮುದ್ರದಲ್ಲಿದ್ದಾರೆ, ಅವರನ್ನು ಅಲ್ಲಿಗೆ ತಂದದ್ದು ತನ್ನ ಮಾತು. ಕರ್ಟಿನ್‌ಗೆ ನಿದ್ದೆ ಹತ್ತಲಿಲ್ಲ. ರಾತ್ರಿಯೆಲ್ಲ ಕ್ಯಾನ್‌ಬೆರಾದ ಪ್ರಧಾನಿ ನಿವಾಸದ ತೋಟದಲ್ಲಿ ಒಬ್ಬರೇ ಅತ್ತಿಂದಿತ್ತ ನಡೆಯುತ್ತಿದ್ದರು. ನಮ್ಮಲ್ಲಿ ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಸರ್ವರ್ ಬಿದ್ದರೆ ಕೈ ನಡುಗುತ್ತದೆ, ಅದಕ್ಕೂ ಒಂದು ಬ್ಯಾಕಪ್ ಇರುತ್ತದೆ. ಇಲ್ಲಿ ಬ್ಯಾಕಪ್ ಇರಲಿಲ್ಲ. ಸೈನ್ಯ ಸುರಕ್ಷಿತವಾಗಿ ಬಂತು. ಅದೇ ಡಿವಿಷನ್ನು ಮುಂದೆ ನ್ಯೂಗಿನಿಯ ಕೊಕೊಡಾ ಕಾಡುದಾರಿಯಲ್ಲಿ ಜಪಾನಿಯರನ್ನು ಹಿಮ್ಮೆಟ್ಟಿಸಿತು. ಮನೆ ಹತ್ತಿರದ ಫ್ರೀಮ್ಯಾಂಟಲ್ ಬಂದರು ಅಮೆರಿಕ, ಬ್ರಿಟನ್, ಡಚ್ ಜಲಾಂತರ್ಗಾಮಿಗಳ ದೊಡ್ಡ ನೆಲೆಯಾಯಿತು.

ಕರ್ಟಿನ್‌ರನ್ನು ಹೊಗಳಿ ನಿಲ್ಲಿಸಿಬಿಡುವುದು ಸುಲಭ, ಆದರೆ ನಮ್ಮಂಥವರು ಇನ್ನೊಂದನ್ನೂ ತಿಳಿದಿರಬೇಕು. ಅವರ ಕಾಲದ ಲೇಬರ್ ನಾಯಕರಂತೆ ಅವರೂ ಬಿಳಿಯರ ಆಸ್ಟ್ರೇಲಿಯಾ ನೀತಿಯನ್ನು ಮನಸಾರೆ ನಂಬಿದ್ದರು, ಯುದ್ಧಕಾಲದ ಭಾಷಣದಲ್ಲಿ ಹೇಳಿಯೂ ಇದ್ದರು. 1901ರಿಂದ ಜಾರಿಯಲ್ಲಿದ್ದ ಆ ನೀತಿ ಪೂರ್ತಿ ಹೋಗಿದ್ದು 1973ರಲ್ಲಿ. ಬಂಗಾಳದ ಬಂಗಲೆಗೆ ಜರಾಡ್ ಬೀದಿಯಲ್ಲಿ ಜಾಗ ಸಿಕ್ಕಿತು, ಬಂಗಾಳದವನೊಬ್ಬ ಹೊಸದಾಗಿ ಬಂದು ಪಕ್ಕದ ಸೈಟು ಕೊಳ್ಳುವಂತಿರಲಿಲ್ಲ. ಅವರ ಹೆಸರಿನ ವಿಶ್ವವಿದ್ಯಾಲಯದಲ್ಲಿ ಇಂದು ಏಷ್ಯಾದ ಮಕ್ಕಳು ಸಾವಿರಗಟ್ಟಲೆ ಓದುತ್ತಿದ್ದಾರೆ. ಈ ಎರಡೂ ನಿಜ.

ಇನ್ನು ಆ ಮೂರು ದಿನದ ಜೈಲು. ಆಸ್ಟ್ರೇಲಿಯಾದಲ್ಲಿ ಕಡ್ಡಾಯವಾಗಿ ಸೇನೆಗೆ ಸೇರಿದವರನ್ನು ದೇಶದ ಹೊರಗೆ ಕಳಿಸುವಂತಿರಲಿಲ್ಲ. ಆದರೆ ಅಮೆರಿಕದ ಹುಡುಗರು ಕಡ್ಡಾಯ ಸೇವೆಯಲ್ಲಿ ಬಂದು ಇಲ್ಲಿ ಸಾಯುತ್ತಿದ್ದರು. 1942ರ ಕೊನೆಗೆ ಕರ್ಟಿನ್ ಆ ನಿಯಮ ಬದಲಾಗಬೇಕು ಎಂದು ತಮ್ಮ ಪಕ್ಷದ ಮುಂದಿಟ್ಟರು. ಯಾವುದನ್ನು ವಿರೋಧಿಸಿ ಜೈಲಿಗೆ ಹೋಗಿದ್ದರೋ ಅದನ್ನೇ! ಗೆಳೆಯರು ತಿರುಗಿಬಿದ್ದರು. ಅವರ ಸಂಪುಟದ ಸಚಿವ ಎಡ್ಡಿ ವಾರ್ಡ್, ಅಂದು ತಾನು ಹೋಗದವರು ಇಂದು ಹುಡುಗರನ್ನು ಕಳಿಸುತ್ತಿದ್ದಾರೆ ಎಂದು ಪಕ್ಷದ ಸಭೆಯಲ್ಲೇ ಚುಚ್ಚಿದಾಗ ಕರ್ಟಿನ್ ಕಣ್ಣಲ್ಲಿ ನೀರು ಬಂತು. ಆದರೂ ಬಿಡಲಿಲ್ಲ. 1943ರ ಜನವರಿಯಲ್ಲಿ ಪಕ್ಷ ಒಪ್ಪಿತು, ಸೀಮಿತ ಪ್ರದೇಶಕ್ಕೆ ಅನ್ವಯಿಸುವ ಕಾನೂನು ಬಂತು. ಇದನ್ನು ತತ್ವ ಬಿಟ್ಟುಕೊಟ್ಟದ್ದು ಎನ್ನುವವರು ಇಲ್ಲಿ ಇಂದಿಗೂ ಇದ್ದಾರೆ. ನನಗೆ ಹಾಗನಿಸುವುದಿಲ್ಲ. ಮೊದಲ ಯುದ್ಧ ಯುರೋಪಿನಲ್ಲಿತ್ತು, ಇದು ಮನೆ ಬಾಗಿಲಿಗೆ ಬಂದಿತ್ತು.

ಅದೇ ವರ್ಷ ಆಗಸ್ಟಿನ ಚುನಾವಣೆಯಲ್ಲಿ 74ರಲ್ಲಿ 49 ಸ್ಥಾನ ಗೆದ್ದರು. ಆದಾಯ ತೆರಿಗೆ ರಾಜ್ಯಗಳಿಂದ ಕೇಂದ್ರಕ್ಕೆ ಬಂದದ್ದು, ವಿಧವೆಯರಿಗೆ ಪಿಂಚಣಿ, ನಿರುದ್ಯೋಗಿಗಳಿಗೆ ಭತ್ಯೆ, ಇವೆಲ್ಲ ಆ ಯುದ್ಧದ ಗಡಿಬಿಡಿಯಲ್ಲೇ ಆದವು. ಇಂದಿಗೂ ನಾವು ಕಟ್ಟುವ ತೆರಿಗೆಯ ಚೌಕಟ್ಟು ಅಂದಿನದು.

ಎಲ್ಸಿಯವರು ಕ್ಯಾನ್‌ಬೆರಾ, ಕಾಟೆಸ್ಲೋ ಎರಡೂ ಕಡೆ ಓಡಾಡಿಕೊಂಡಿದ್ದರು. ಅವರಿಲ್ಲದಾಗ ಪ್ರಧಾನಿ ನಿವಾಸದಲ್ಲಿ ಕರ್ಟಿನ್ ರಾತ್ರಿ ತಮ್ಮ ಕಾರಿನ ಡ್ರೈವರ್ ಜೊತೆ ಬಿಲಿಯರ್ಡ್ಸ್ ಆಡುತ್ತಿದ್ದರು. 1944ರಲ್ಲಿ ದಂಪತಿಗಳು ಹಡಗಿನಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿಂದ ಲಂಡನ್ನಿಗೆ ಅವರು ವಿಮಾನ ಹತ್ತಲೇಬೇಕಾಯಿತು. ಹಿಂತಿರುಗಿದ ಮೇಲೆ ನವೆಂಬರಿನಲ್ಲಿ ಹೃದಯಾಘಾತವಾಯಿತು. ಎರಡು ತಿಂಗಳು ಆಸ್ಪತ್ರೆ, ಮತ್ತೆ ಕೆಲಸ, ಏಪ್ರಿಲ್‌ನಲ್ಲಿ ಮತ್ತೆ ಆಸ್ಪತ್ರೆ. 1945ರ ಜುಲೈ 5ರ ಬೆಳಗಿನ ಜಾವ ಪ್ರಧಾನಿ ನಿವಾಸದಲ್ಲೇ ತೀರಿಕೊಂಡರು. ವಯಸ್ಸು ಅರವತ್ತು. ಜಪಾನ್ ಶರಣಾದದ್ದು ಆಗಸ್ಟ್ 15ಕ್ಕೆ.

ವಿಮಾನಕ್ಕೆ ಹೆದರುತ್ತಿದ್ದವರ ದೇಹವನ್ನು ವಿಮಾನದಲ್ಲೇ ಪರ್ತ್‌ಗೆ ತಂದರು. ಜುಲೈ 8ರಂದು ಕರಕಟ್ಟಾ ಸ್ಮಶಾನದಲ್ಲಿ ಮಣ್ಣು ಮಾಡಿದರು, ಊರಿಗೆ ಊರೇ ಸೇರಿತ್ತು. ಅದು ಕಾಟೆಸ್ಲೋಗೆ ಹೋಗುವ ಅದೇ ರೈಲು ದಾರಿಯಲ್ಲಿದೆ, ಕೆಲವೇ ಸ್ಟೇಷನ್ ಹಿಂದೆ.

ಎಲ್ಸಿಯವರು ಜರಾಡ್ ಬೀದಿಯ ಮನೆಗೆ ಹಿಂತಿರುಗಿದರು. ಇನ್ನೂ ಮೂವತ್ತು ವರ್ಷ, 1975ರ ಜೂನಿನಲ್ಲಿ ತೀರಿಕೊಳ್ಳುವವರೆಗೆ, ಅದು ಅವರ ಮನೆಯಾಗಿತ್ತು. ಹತ್ತೊಂಬತ್ತುನೂರ ತೊಂಬತ್ತರ ದಶಕದ ಕೊನೆಯವರೆಗೂ ಮನೆ ಕುಟುಂಬದಲ್ಲೇ ಇತ್ತು. ಆ ನಂತರ ನ್ಯಾಷನಲ್ ಟ್ರಸ್ಟ್‌ನ ಸುಪರ್ದಿಗೆ ಬಂತು.